ಉದ್ರಿ ಪುಸ್ತಕ

ಮಂಡ್ಯದ ಕೋರ್ಟಿನೆದುರು ಹೊಂಗೆಮರಕ್ಕೆ
ಒರಗಿದೆ ಕೆಂಪಾಜಮ್ಮನ ಟೀ ಗಾಡಿ.
ಗಾಡಿಗೆ ಒರಗಿದೆ ಅರ್ಧ ಮಂಡ್ಯ.

ಇನ್ನೂರು ಪುಟದ ನೋಟ್‌ಬುಕ್ಕು, ಹಾಲಿನ ಕಲೆ,
ದಾರ ಕಟ್ಟಿದ ಪೆನ್ಸಿಲ್ಲು.
ಒಬ್ಬರ ಹೆಸರೂ ಇಲ್ಲ ಅದರಲ್ಲಿ.
"ಹೆಸ್ರು ಕೇಳುದ್ರೆ ಊರು ಕೇಳ್ಬೇಕು,
ಊರು ಕೇಳುದ್ರೆ ಬೀದಿ ಕೇಳ್ಬೇಕು,
ಬೀದಿ ಕೇಳುದ್‌ಮ್ಯಾಲೆ
ಲೋಟ ಬ್ಯಾರೆ ಮಡಗ್ಬೇಕಾಯ್ತದೆ ಕಣಪ್ಪ.
ಕೆಲ್ಸ ಯೋಳು, ಸಾಕು."

ಹೇಳಿದ ಕೆಲಸವನ್ನು ಹೇಳಿದಂತೆ
ಬರೆದುಕೊಂಡಳೆಂದು ತಿಳಿಯಬೇಡಿ.

ಬೀದಿಗೆ ನೀರು ಬಿಡುವ ವಾಲ್ವ್‌ಮನ್ನು
ದಿನ ಬಿಟ್ ದಿನ ಕಾವೇರಪ್ಪ.
ಫ್ಯಾಕ್ಟ್ರಿ ಗೇಟಿನಲ್ಲಿ ಕಬ್ಬು ತೂಗುವವನು
ಮುಕ್ಕಾಲ್ ಧರ್ಮ.
ಉಳಿದ ಕಾಲು ಎಲ್ಲಿ ಹೋಯಿತೆಂದು
ಎತ್ತಿನ ಗಾಡಿಯವರನ್ನು ಕೇಳಿ.
ಹಸುಗಳಿಗೆ ಸೂಜಿಯಲ್ಲೇ ಬಸಿರು ಕೊಡುವ
ಪಶು ಆಸ್ಪತ್ರೆಯ ಸಣ್ಣಪ್ಪಾಜಿ, ಸ್ಕೂಟರ್ ಬಸವ.
ಓದಿ, ಉರಿದು, ಮೂರು ದಿನ
ಎದುರಿನ ಗಾಡಿಯಲ್ಲಿ ಕುಡಿದ.
ನಾಲ್ಕನೆಯ ದಿನ ಬಂದವನೇ
"ಬುಲೆಟ್ ತಕೊಂಡಿವ್ನಿ, ತಿದ್ಕೋ" ಅಂದ.

ಆಸ್ಪತ್ರೆಯ ಹಿಂಬಾಗಿಲಲ್ಲಿ
ಸತ್ತವರನ್ನು ಕೊಯ್ದು ಹೊಲಿಯುವವನಿಗೆ
ಬೇರೆ ಗಾಡಿಗಳಲ್ಲಿ ಟೀ ದೂರದಿಂದ.
ಇಲ್ಲಿ ಅವನು ಕಡೇ ಟೈಲರ್.
"ಈಗ್ಲೇ ಅಳ್ತೆ ತಗೀಬ್ಯಾಡ ಕಣೋ"
ಎನ್ನುತ್ತಾ ಮೊದಲ ಲೋಟ ಅವನಿಗೇ ಕೊಡುತ್ತಾಳೆ.

ನಾನು ಮರದ ಆಚೆ ಬದಿ, ಟೈಪ್‌ರೈಟರಿನ ಮುಂದೆ.
"ಸತ್ಯವೆಂದು ಪ್ರಮಾಣ ಮಾಡುತ್ತೇನೆ" ಎಂದು
ದಿನಕ್ಕೆ ಮೂವತ್ತು ಸಲ ಒತ್ತುತ್ತೇನೆ,
ಯಾರ ಯಾರದೋ ಪರವಾಗಿ.
ಮರಿ ಲಾಯರು ಎಂದಾದರೂ ಬರೆದಿರಬಹುದೆಂಬ ಆಸೆ.
ಅವಳು ಹಾಲು ತರಲು ಹೋದಾಗ ಕದ್ದು ನೋಡಿದೆ:
ಹದಿನೈದ್ರುಪಾಯ್ ಸತ್ಯ.
ಪುಟಕ್ಕೆ ಇಪ್ಪತ್ತು ಮಾಡಿ ಎರಡು ವರ್ಷವಾಯಿತು.
ಅವಳ ಪುಸ್ತಕದಲ್ಲಿ ಸತ್ಯದ ರೇಟು ಏರಿಲ್ಲ.

ಕತ್ಲೆ ಮಂತ್ರಿ ಅಂತ ಒಂದು ಪುಟವಿತ್ತು,
ಲೈನ್‌ಮನ್ನಿನದು.
ಹೋದ ಮಳೆಗಾಲ ಗುತ್ತಲು ರಸ್ತೆಯ ಕಂಬದ ಮೇಲೆ ಅವನಿದ್ದಾಗ
ಯಾರೋ ಎಲ್ಲೋ ಸ್ವಿಚ್ಚು ಒತ್ತಿದರು.
ಸರ್ಕಲ್ಲಿನಲ್ಲಿ ಫ್ಲೆಕ್ಸು ಬಂತು:
ಸ್ಟುಡಿಯೋದವರು ತೊಡಿಸಿದ ಕೋಟು,
ಕೆಳಗೆ ಶ್ರೀ ಎಂ. ಕೆ. ಚಿಕ್ಕಬೋರಯ್ಯ.
"ಯಾರ್ಲಾ ಇದು?" ಅಂದಳು.
ಹೇಳಿದೆವು.
ಸ್ಟೌ ಆರಿಸಿ ಕೂತಳು.
ಆಮೇಲೆ ನಾನೂರ ಹನ್ನೆರಡು ರೂಪಾಯಿಯ ಮೇಲೆ
ಒಂದು ಅಡ್ಡಗೆರೆ. ಗೆರೆಯ ಮೇಲೆ
ಓರೆ ಅಕ್ಷರದಲ್ಲಿ: ಕರೆಂಟ್ ಬಂತು.

ಮೊನ್ನೆ ನಗರಸಭೆಯ ಕಾರ್ಡಿಗೆ ಅರ್ಜಿ ಬರೆಸಲು
ನನ್ನೆದುರು ಸ್ಟೂಲಿನ ಮೇಲೆ ಕೂತಳು,
ಮೊದಲ ಸಲ ನನ್ನ ಗಿರಾಕಿಯಾಗಿ.
ಹೆಸರು ಹೇಳಿದಳು.
ಗಂಡನ ಹೆಸರನ್ನು ಯೋಚಿಸಿ ಹೇಳಿದಳು.
ವೃತ್ತಿ ಎಂಬಲ್ಲಿ ನನ್ನ ಬೆರಳು ನಿಂತಿತು.
ಊರಿಗೆಲ್ಲ ಇಟ್ಟವಳಿಗೆ
ಯಾರೂ ಏನೂ ಇಟ್ಟಿಲ್ಲ!

ಸುದ್ದಿ ಮರದ ಸುತ್ತ ತಿರುಗಿತು.
"ಬಿಸ್ನೀರ್ ದಣಿ" ಅಂದ ಕಾವೇರಪ್ಪ.
ಬಸವ ಅಂದದ್ದು ಅರ್ಜಿಯಲ್ಲಿ ಬರೆಯುವಂಥದ್ದಲ್ಲ.
ಕಡೇ ಟೈಲರ್ ತನ್ನ ಟೀ ಮುಗಿಸಿ,
ಎಲ್ಲರ ಲೋಟ ಅದ್ದುವ ಬಕೆಟ್ಟಿಗೇ ತನ್ನದನ್ನೂ ಅದ್ದಿ
ಮೆಲ್ಲಗೆ ಅಂದ:
"ಒಂದೇ ಲೋಟ."

ಯಾರೂ ನಗಲಿಲ್ಲ. ಅವಳೇ ನಕ್ಕಳು.
"ಅಂಗಂತ ಬರುದ್ರೆ ಆಪೀಸ್ನೋರು
ಇವ್ಳತ್ರ ಇರಾದೇ ಒಂದ್ ಲೋಟ ಅನ್ಕತಾರೆ.
ಟೀ ಯಾಪಾರ ಅಂತ ಒತ್ತೋ ಸುಮ್ನೆ."
ಒತ್ತಿದೆ.

ದುಡ್ಡು ಬೇಡವೆಂದೆ.
ಪುಸ್ತಕ ತೆಗೆದು, ಪೆನ್ಸಿಲ್ಲಿಗೆ ಎಂಜಲು ಹಚ್ಚಿ,
ನನ್ನ ಬಾಕಿಯಲ್ಲಿ ಹದಿನೈದು ಕಳೆದಳು.
"ಇಪ್ಪತ್ತು ಕಣಮ್ಮ" ಎಂದೆ.
ಹಾಲು ಉಕ್ಕುತ್ತಿತ್ತು,
ಕೇಳಿಸಲಿಲ್ಲ ಅವಳಿಗೆ.